ಕಾಸರಕ ಮದ್ದಾಗುವ ಊರಿನಲ್ಲಿ

ಚೀನಾಕ್ಕೆ ಹೋಗಿ ಬಂದ ಮೇಲೆ ಕಟಪಾಡಿಯ ನನ್ನ ಫ್ಯಾನ್ಸಿ ಅಂಗಡಿಗೆ ರಿಬ್ಬನ್ ಕೊಳ್ಳಲು ಬಂದವರೂ ಒಂದು ಮಾತು ಕೇಳದೆ ಹೋಗುವುದಿಲ್ಲ: “ಅಲ್ಲಿ ಹಾವು ತಿಂತಾರಂತೆ, ಹೌದಾ?” ಹಾವು ತಿನ್ನುವವರನ್ನು ನಾನು ಕಾಣಲಿಲ್ಲ. ನನ್ನನ್ನು ಹೆದರಿಸಿದ್ದು ಬೇರೆಯೇ. ಅದು ನಮ್ಮ ಗುಡ್ಡಗಳಲ್ಲೇ ಬೆಳೆಯುವಂಥದ್ದು. ಗಿರಾಕಿಗಳ ನಡುವೆ ನಿಂತು ಹೇಳುವ ಕಥೆಯಲ್ಲ ಎಂದು ಇಲ್ಲಿ ಬರೆಯುತ್ತಿದ್ದೇನೆ.

ಹೊರಟದ್ದು ವ್ಯಾಪಾರಕ್ಕೆ. ಕಾಪುವಿನಲ್ಲಿ ಪಾತ್ರೆ, ಪ್ಲಾಸ್ಟಿಕ್ ಸಾಮಾನಿನ ಅಂಗಡಿ ಇಟ್ಟಿರುವ ಹಮೀದಾಕ ಗುವಾಂಗ್‌ಝೌ ನಗರಕ್ಕೆ ಆಗಾಗ ಹೋಗಿ ಬರುವವರು. “ಇನ್ನೂ ಎಷ್ಟು ಸಮಯ ಮುಂಬೈಯವರ ಕೈಯಿಂದಲೇ ಮಾಲು ತರ್ತೀರಿ ವಾರಿಜಕ್ಕ? ಮಣಿ, ಕ್ಲಿಪ್ಪು, ಬಟನ್ನು ಎಲ್ಲ ಹುಟ್ಟುವುದೇ ಅಲ್ಲಿ. ಒಮ್ಮೆ ಬನ್ನಿ, ನಾನಿದ್ದೇನಲ್ಲ” ಎಂದು ಬಹಳ ಸಮಯದಿಂದ ಹೇಳುತ್ತಿದ್ದರು. ಒಬ್ಬಳೇ ಹೆಂಗಸು ಹೋಗುವುದು ಹೇಗೆ ಎಂದಾಗ ನನಗೆ ಸುಮತಿ ಅತ್ತಿಗೆಯ ನೆನಪಾಯಿತು. ಅತ್ತಿಗೆ ಎಂದರೆ ತೀರಿಹೋದ ನನ್ನ ಅಣ್ಣನ ಹೆಂಡತಿ. ಕಾರ್ಕಳದ ಪಕ್ಕ ಕುಕ್ಕುಂದೂರಿನ ನಮ್ಮ ತವರುಮನೆಯಲ್ಲಿ ನನ್ನ ಅಪ್ಪನ ಜೊತೆ ಇರುವುದು ಅವರೇ. ಅಬುಧಾಬಿಯಲ್ಲಿರುವ ಮಗನ ಬಳಿಗೆಂದು ಮಾಡಿಸಿದ ಪಾಸ್‌ಪೋರ್ಟ್ ಒಂದೂ ಮುದ್ರೆ ಬೀಳದೆ ಪೆಟ್ಟಿಗೆಯಲ್ಲಿತ್ತು. ಅಪ್ಪನನ್ನು ನೋಡಿಕೊಳ್ಳಲು ಪಕ್ಕದ ಮನೆಯ ಲೀಲಕ್ಕ ಒಪ್ಪಿದರು. ಅತ್ತಿಗೆ ಒಂದು ಡಬ್ಬಿ ಮಿಡಿ ಉಪ್ಪಿನಕಾಯಿ ಕಟ್ಟಿಕೊಂಡು ಹೊರಟೇಬಿಟ್ಟರು.

ಗುವಾಂಗ್‌ಝೌ: ಗಂಜಿ

ಊಟದ ಗತಿ ಏನು ಎಂಬ ಹೆದರಿಕೆಯಲ್ಲೇ ಇಳಿದ ನಮಗೆ ಮೊದಲ ಬೆಳಿಗ್ಗೆಯೇ ಆಶ್ಚರ್ಯ ಕಾದಿತ್ತು. ನಾವು ಉಳಿದುಕೊಂಡದ್ದು ಹಳೆಯ ಬೀದಿಯೊಂದರ ಸಣ್ಣ ವಸತಿಗೃಹದಲ್ಲಿ. ಅದರ ಒಡತಿ ಹುವಾಂಗ್ ಅಜ್ಜಿ. ಕತ್ತರಿಸಿದ ಬಿಳಿ ಕೂದಲು, ಹೂವಿನ ಅಂಗಿ, ಪ್ಯಾಂಟು, ಕಾಲಿಗೆ ಹುಡುಗಿಯರ ಹಾಗೆ ಬಣ್ಣದ ಕ್ಯಾನ್ವಾಸ್ ಶೂ. ಅವರು ನಮ್ಮ ಮುಂದೆ ತಂದಿಟ್ಟದ್ದು ಆವಿಯಾಡುವ ಗಂಜಿ!

“ವಾರಿಜಾ, ಗಂಜಿ ಮಾರಾಯ್ತಿ!” ಎಂದು ಅತ್ತಿಗೆ ಕೂಗಿದ್ದಕ್ಕೆ ಪಕ್ಕದ ಮೇಜಿನವರು ತಿರುಗಿ ನೋಡಿದರು. ನಾವಿಬ್ಬರು ಮಾತನಾಡುವುದು ತುಳುವಿನಲ್ಲಿ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಒಂದು ಚಮಚ ಬಾಯಿಗಿಟ್ಟ ಅತ್ತಿಗೆಯ ಮುಖ ಸಣ್ಣದಾಯಿತು. “ಇದರಲ್ಲಿ ಅಗುಳು ಎಲ್ಲುಂಟು? ಎಲ್ಲ ಕರಗಿಸಿ ಹಾಕಿದ್ದಾರೆ.” ನಮ್ಮ ಕುಚ್ಚಲಕ್ಕಿಯ ಗಂಜಿಯಲ್ಲಿ ಅಗುಳು ಹಲ್ಲಿಗೆ ಸಿಗಬೇಕು. ಅವರದ್ದು ಹಾಲಿನ ಕೆನೆಯ ಹಾಗೆ ಗಂಟಲಲ್ಲಿ ಜಾರುತ್ತದೆ. ಅತ್ತಿಗೆ ಡಬ್ಬಿ ತೆರೆದು ಒಂದು ಮಿಡಿಯನ್ನು ಹುವಾಂಗ್ ಅಜ್ಜಿಯ ಬಟ್ಟಲಿಗೂ ಹಾಕಿದರು. ಅಜ್ಜಿ ಕಚ್ಚಿ ಕಣ್ಣು ಮುಚ್ಚಿದರು. ಕಣ್ಣಿಂದ ನೀರು ಇಳಿಯಿತು. ಆಮೇಲೆ ಇನ್ನೊಂದು ಬೇಕೆಂದು ಬಟ್ಟಲು ಚಾಚಿದರು. ಅವರಿಬ್ಬರ ಸ್ನೇಹ ಕುದುರಿದ್ದು ಹೀಗೆ, ನಡುವೆ ಒಂದು ಮಾತೂ ಇಲ್ಲದೆ.

ಮಾತು ಬೇಕಾದಾಗ ಅಜ್ಜಿ ತಮ್ಮ ಫೋನಿಗೆ ಏನೋ ಹೇಳುತ್ತಿದ್ದರು. ಅದು ಗಂಡಸಿನ ಗಂಭೀರ ಸ್ವರದಲ್ಲಿ ಕನ್ನಡ ನುಡಿಯುತ್ತಿತ್ತು. ನಮಗೆ ಬಿಸಿನೀರು ಕೊಡುವಾಗ ಅದು “ನಿಮ್ಮ ಹೊಟ್ಟೆಯನ್ನು ಬೆಚ್ಚಗೆ ಸಾಕಿರಿ” ಎಂದಿತು. ಅಲ್ಲಿಯವರು ಸೆಕೆಯಲ್ಲೂ ಬಿಸಿನೀರನ್ನೇ ಕುಡಿಯುತ್ತಾರೆ ಎಂಬುದು ನಮಗೆ ಆಮೇಲೆ ತಿಳಿಯಿತು.

ನದಿಯ ದಂಡೆ

ನಮ್ಮನ್ನು ಮಣಿಗಳ ಮಾರುಕಟ್ಟೆಗೆ ಮುಟ್ಟಿಸಿ, ಪರಿಚಯದ ವ್ಯಾಪಾರಿಗಳನ್ನು ತೋರಿಸಿ, ಹಮೀದಾಕ ಬೇರೆ ಊರಿಗೆ ಮಾಲು ನೋಡಲು ಹೋದರು. ಕಟ್ಟಡಕ್ಕೆ ಕಟ್ಟಡವೇ ಮಣಿ. ಇನ್ನೊಂದು ಕಟ್ಟಡ ತುಂಬ ಬಟನ್ನು. ನನ್ನ ಅಂಗಡಿಯ ಗಾಜಿನ ಭರಣಿಗಳನ್ನು ನೆನೆದು ನಗು ಬಂತು. ಅತ್ತಿಗೆ ಮಣಿಯನ್ನು ಬೆರಳ ನಡುವೆ ಉಜ್ಜಿ, “ಇದರ ಬಣ್ಣ ಹೋಗ್ತದೆ, ಬೇಡ” ಎಂದು ಒಂದೊಂದನ್ನೇ ಬದಿಗೆ ಸರಿಸಿದರು. ಅಂಗಡಿಯವಳು ಸಿಟ್ಟಾಗುವ ಬದಲು ಒಳಗಿನಿಂದ ಒಳ್ಳೆಯ ಮಾಲು ತಂದಳು.

ಸಂಜೆ ನದಿಯ ದಂಡೆಗೆ ಹೋದೆವು. ಅಲ್ಲಿ ಅತ್ತಿಗೆಯ ವಯಸ್ಸಿನ, ಅವರಿಗಿಂತ ದೊಡ್ಡ ಪ್ರಾಯದ ಹೆಂಗಸರು ಸಾಲಾಗಿ ನಿಂತು, ಸ್ಪೀಕರಿನ ಹಾಡಿಗೆ ಕೈಕಾಲು ಬೀಸಿ ಕುಣಿಯುತ್ತಿದ್ದರು. ಸಾಲಿನ ಮುಂದೆ ನಮ್ಮ ಹುವಾಂಗ್ ಅಜ್ಜಿ! ನಾನು ಬಾಯಿ ಬಿಟ್ಟು ನೋಡಿದೆ. ನಮ್ಮಲ್ಲಿ ಈ ಪ್ರಾಯಕ್ಕೆ ಮೊಣಕಾಲು ನೋವಿನ ವಿಷಯ ಬಿಟ್ಟರೆ ಬೇರೆ ಮಾತಿರುವುದಿಲ್ಲ. ಅಜ್ಜಿ ಕೈಬೀಸಿ ಕರೆದರು. ಅತ್ತಿಗೆ ನನ್ನತ್ತ ನೋಡಿ, ಸೀರೆಯ ನೆರಿಗೆ ಎತ್ತಿಕೊಂಡು, ದಂಡೆಯ ಕಲ್ಲಿನ ಮೆಟ್ಟಿಲುಗಳನ್ನು ಇಳಿಯತೊಡಗಿದರು. ಆಗಷ್ಟೇ ಮಳೆ ಬಂದು ನಿಂತಿತ್ತು. ಕೆಳಗಿನ ಮೆಟ್ಟಿಲಿನಲ್ಲಿ ಜಾರಿ ಮೊಣಕಾಲೂರಿ ಬಿದ್ದರು.

ಹಾಡು ನಿಂತಿತು. ಕುಣಿಯುತ್ತಿದ್ದವರೆಲ್ಲ ಸುತ್ತುವರಿದರು. ಮೂಳೆಗೇನೂ ಆಗಿರಲಿಲ್ಲ. ಮೊಣಕಾಲು ಮಾತ್ರ ಬಾತುಕೊಳ್ಳುತ್ತಿತ್ತು. ಮೇಲಿನ ಚರ್ಮ ತರಚಿಹೋಗಿತ್ತು.

ಕಪ್ಪು ಲೇಪ

ಕೋಣೆಗೆ ಬಂದ ಮೇಲೆ ಹುವಾಂಗ್ ಅಜ್ಜಿ ಮುಚ್ಚಳ ಬಿಗಿದ ಒಂದು ಕಪ್ಪು ಕುಪ್ಪಿ ತಂದರು. ಒಳಗೆ ಡಾಮರಿನ ಹಾಗೆ ದಪ್ಪನೆಯ ಲೇಪ, ಸಾರಾಯಿಯ ವಾಸನೆ. ಯಾವುದೋ ಬೀಜವನ್ನು ಹುರಿದು, ಪುಡಿಮಾಡಿ, ಸಾರಾಯಿಯಲ್ಲಿ ನೆನೆಸಿ ಸಾರ ಇಳಿಸಿದ್ದು ಎಂದು ಫೋನು ಹೇಳಿದ್ದರಿಂದ ಊಹಿಸಿದೆವು. ಅಜ್ಜಿ ಬೆರಳ ತುದಿಯಲ್ಲಿ ಒಂದಿಷ್ಟೇ ತೆಗೆದು, ಗಾಯ ಬಿಟ್ಟು ಬಾವಿನ ಸುತ್ತ ತೆಳ್ಳಗೆ ಹಚ್ಚಿದರು. ಕುಪ್ಪಿಯನ್ನು ಮೇಜಿನ ಮೇಲಿಟ್ಟು ಫೋನಿಗೆ ಏನೋ ಹೇಳಿದರು. ಫೋನು ನುಡಿಯಿತು: “ತೆರೆದಿರುವಲ್ಲಿ ಹಚ್ಚಬಾರದು.”

“ಗಾಳಿ ತಾಗಬಾರದು ಅಂತ ಹೇಳುವುದು” ಎಂದು ಅತ್ತಿಗೆ ತಲೆಯಾಡಿಸಿದರು. “ನಮ್ಮಲ್ಲಿಯೂ ಹಾಗೆಯೇ ಅಲ್ವಾ, ಎಣ್ಣೆ ತಿಕ್ಕಿದ ಮೇಲೆ ಗಾಳಿಗೆ ಹೋಗ್ಲಿಕ್ಕಿಲ್ಲ.”

ನಾನು ಎದ್ದು ಕಿಟಕಿ ಮುಚ್ಚಿದೆ. ಬಾಗಿಲಿಗೂ ಚಿಲಕ ಹಾಕಿದೆ. ಅಜ್ಜಿ ನಮ್ಮನ್ನು ವಿಚಿತ್ರವಾಗಿ ನೋಡಿದರು. ಆದರೆ ನಾವಿಬ್ಬರೂ ಅರ್ಥವಾಯಿತೆಂದು ನಕ್ಕಾಗ ಅವರೂ ನಕ್ಕರು. ತೆರೆದಿರುವಲ್ಲಿ ಎಂದರೆ ಚರ್ಮ ತೆರೆದಿರುವಲ್ಲಿ ಎಂದು ನಮಗೆ ಹೊಳೆಯಲೇ ಇಲ್ಲ.

ಬೆಳಿಗ್ಗೆ ಏಳುವಾಗ ಬಾವು ಇಳಿದಿತ್ತು. “ಎಂತ ಮದ್ದು ಮಾರಾಯ್ತಿ! ಮಣಿಪಾಲದ ದೊಡ್ಡ ಡಾಕ್ಟ್ರು ಕೊಟ್ಟ ಮುಲಾಮಿಗೂ ಇಷ್ಟು ಬೇಗ ಹಿಡಿತ ಇಲ್ಲ” ಎಂದರು ಅತ್ತಿಗೆ. “ಅಂಗಡಿ ಎಲ್ಲುಂಟು ಅಂತ ಕೇಳಿ ನಾಲ್ಕು ಕುಪ್ಪಿ ತಾ. ಲೀಲಕ್ಕನಿಗೂ ಸೊಂಟನೋವು.” ಅವರನ್ನು ಮಲಗಿರಲು ಹೇಳಿ ನಾನು ಅಜ್ಜಿಯ ಜೊತೆ ಹೊರಟೆ.

ಬೇರು ತೊಗಟೆಗಳ ಪೇಟೆ

ಆದಿ ಉಡುಪಿಯ ಮಾರುಕಟ್ಟೆಯಲ್ಲಿ ತೆಂಗಿನಕಾಯಿ, ತರಕಾರಿ ರಾಶಿ ಹಾಕಿದ ಹಾಗೆ ಅಲ್ಲಿ ಬೇರು, ತೊಗಟೆ, ಒಣಗಿದ ಹೂವು, ಅಣಬೆ, ಕಡಲಕುದುರೆ ಎಲ್ಲ ಗೋಣಿ ಗೋಣಿ ತುಂಬಿ ಬೀದಿಗೆ ಬಾಯಿ ತೆರೆದುಕೊಂಡಿದ್ದವು. ಗಾಳಿಯೇ ಕಷಾಯದ ಹಾಗಿತ್ತು. ಅಜ್ಜಿ ಕರೆದುಕೊಂಡು ಹೋದ ಅಂಗಡಿಯ ಮುಂದಿನ ಒಂದು ಗೋಣಿ ನನ್ನ ಕಣ್ಣು ಸೆಳೆಯಿತು. ಬೂದು ಬಣ್ಣದ, ಚಪ್ಪಟೆಯಾದ, ರೇಷ್ಮೆಯ ಹೊಳಪಿನ ಬಟನ್ನುಗಳು! ಚೂಡಿದಾರಕ್ಕೆ ಇಂಥ ಬಟನ್ನು ಹಾಕಿದರೆ ಮಣಿಪಾಲದ ಹುಡುಗಿಯರು ಮುಗಿಬಿದ್ದಾರು ಎಂದುಕೊಂಡು ಒಂದನ್ನು ಎತ್ತಿಕೊಂಡೆ.

ಬೆರಳಿಗೆ ಗುರುತು ಹತ್ತಿತು. ಕಣ್ಣಿಗೆ ಆಮೇಲೆ.

ಸಣ್ಣವಳಿರುವಾಗ ಗುಡ್ಡದಲ್ಲಿ ಇದನ್ನು ಹೆಕ್ಕಿ ಆಟದ ದುಡ್ಡು ಮಾಡಿಕೊಂಡಿದ್ದೆವು. ನೋಡಿದ ಕೂಡಲೇ ಅಮ್ಮ ಕೈಗೆ ಬಾರಿಸಿ, ಸಾಬೂನು ಹಾಕಿ ಮೊಣಕೈಯವರೆಗೆ ತೊಳೆಸಿದ್ದರು. ಅದು ಬಟನ್ನಲ್ಲ. ಕಾಸರಕನ ಬೀಜ, ಕಡು ವಿಷ.

ಹುವಾಂಗ್ ಅಜ್ಜಿ ನಗುತ್ತ ಅದೇ ಗೋಣಿಯನ್ನು ತೋರಿಸಿದರು. ಆಮೇಲೆ ತಮ್ಮ ಮೊಣಕಾಲು ತಟ್ಟಿ, ಹೆಬ್ಬೆರಳು ಎತ್ತಿದರು. ಅಂಗಡಿಯವನು “ಮಾ ಚಿಯೆನ್ ಝು” ಎಂದ. ಫೋನು “ಕುದುರೆ ಹಣದ ಬೀಜ” ಎಂದಿತು. ಅವನು ಬಾಯಿಯ ಮುಂದೆ ಎರಡು ಕೈಗಳನ್ನು ಅಡ್ಡ ಹಿಡಿದು ತಲೆಯಲ್ಲಾಡಿಸಿದ. ತಿನ್ನಲಿಕ್ಕಲ್ಲ, ಹೊರಗೆ ಹಚ್ಚಲು ಮಾತ್ರ. ಮತ್ತೆ ತನ್ನ ಮುಂಗೈಯ ಚರ್ಮವನ್ನು ಉಗುರಿನಿಂದ ಗೀರಿ ತೋರಿಸಿ, ಅಲ್ಲಿಯೂ ಕೈ ಅಡ್ಡ ಹಿಡಿದ. ಆಗ ನನಗೆ ‘ತೆರೆದಿರುವಲ್ಲಿ’ ಎಂಬುದರ ಅರ್ಥವಾಯಿತು. ಕೊನೆಗೆ ನನ್ನ ಸೀರೆ ನೋಡಿ, ಗೋಣಿ ತಟ್ಟಿ, ಬಹಳ ಸಂತೋಷದಿಂದ “ಇಂದು, ಇಂದು” ಎಂದ. ಇಂಡಿಯಾ. ಬೀಜ ನಮ್ಮ ಕಡೆಯಿಂದಲೇ ಬಂದದ್ದು.

ಕೈಯಲ್ಲಿದ್ದ ಬೀಜವನ್ನು ಗೋಣಿಗೆ ಎಸೆದು, ಬೆರಳನ್ನು ಸೀರೆಗೆ ಉಜ್ಜಿಕೊಂಡೆ. ಯಾಕೆಂದು ಹೇಳಬೇಕಾದರೆ ಅಣ್ಣನ ವಿಷಯ ಹೇಳಬೇಕು.

ಮಳೆಗಾಲದ ಆಟಿ ಅಮಾವಾಸ್ಯೆಯ ದಿನ ಬೆಳಕು ಹರಿಯುವ ಮೊದಲು ಹಾಲೆ ಮರದ ತೊಗಟೆಯನ್ನು ಕಲ್ಲಿನಿಂದ ಜಜ್ಜಿ ತಂದು, ಕಷಾಯ ಮಾಡಿ ಬರಿಹೊಟ್ಟೆಗೆ ಕುಡಿಯುವುದು ನಮ್ಮ ಕಡೆಯ ಎಲ್ಲ ಮನೆಗಳ ಪದ್ಧತಿ. ವರ್ಷಪೂರ್ತಿ ರೋಗ ಬರಬಾರದೆಂದು. ಆ ವರ್ಷ ತೊಗಟೆ ತಂದವರು ಅಪ್ಪ. ಮಳೆ, ಕತ್ತಲೆ. ಹಾಲೆಯ ಪಕ್ಕದಲ್ಲೇ ಕಾಸರಕ ಇತ್ತು. ಕಲ್ಲಿನೇಟು ಬಿದ್ದದ್ದು ಅದರ ತೊಗಟೆಗೆ. ಕಷಾಯವನ್ನು ಮೊದಲು ಕುಡಿದವನು ಅಣ್ಣ. ಹೊಟ್ಟೆಯಲ್ಲಿ ಮಗುವಿದ್ದ ಅತ್ತಿಗೆ ವಾಕರಿಕೆಯೆಂದು ಕುಡಿಯಲಿಲ್ಲ. ಅಪ್ಪ ಲೋಟ ಎತ್ತುವಷ್ಟರಲ್ಲಿ ಅಣ್ಣನ ದವಡೆ ಹಿಡಿದುಕೊಂಡಿತು. ಬಾವಿಕಟ್ಟೆಯಲ್ಲಿ ಯಾರೋ ಕೊಡಪಾನ ಇಟ್ಟ ಸದ್ದಿಗೆ ಅವನ ಇಡೀ ಮೈ ಬಿಲ್ಲಿನ ಹಾಗೆ ಬಾಗಿದ್ದನ್ನು ನಾನು ನನ್ನ ಕಣ್ಣಿನಿಂದ ನೋಡಿದ್ದೇನೆ. ಆಸ್ಪತ್ರೆ ಮುಟ್ಟುವಾಗ ಅವನಿರಲಿಲ್ಲ.

ಅಂದಿನಿಂದ ಅತ್ತಿಗೆ ಅಪ್ಪನ ಜೊತೆ ಮಾತನಾಡಿರಲಿಲ್ಲ. ಜಗಳವಿಲ್ಲ, ಬಯ್ಗುಳವಿಲ್ಲ. ಹೊತ್ತು ಹೊತ್ತಿಗೆ ಬಡಿಸುತ್ತಿದ್ದರು, ಜ್ವರ ಬಂದರೆ ಆರೈಕೆ ಮಾಡುತ್ತಿದ್ದರು. ಹೇಳುವುದಿದ್ದರೆ ಮಗನ ಮೂಲಕ, ನನ್ನ ಮೂಲಕ. ಮನೆಯಲ್ಲಿ ಬೇರೆ ಯಾರೂ ಇಲ್ಲದಿದ್ದರೆ ಬಟ್ಟಲನ್ನು ಸ್ವಲ್ಪ ಸದ್ದಾಗುವಂತೆ ಇಡುತ್ತಿದ್ದರು. ಅಪ್ಪ ಎದ್ದು ಬಂದು ಉಣ್ಣುತ್ತಿದ್ದರು.

ಆ ಮರದ ವಿಷವನ್ನು ನಾನು ಅತ್ತಿಗೆಯ ಮೈಗೆ ಹಚ್ಚಿಸಿ, ಬಾಗಿಲು ಮುಚ್ಚಿ ಮಲಗಿಸಿದ್ದೆ.

ಫೋನ್ ಮಾಡಿದೆ. ಎತ್ತಲಿಲ್ಲ. ನಾನು ಓಡಿದೆ. ಏನೆಂದು ಗೊತ್ತಾಗದಿದ್ದರೂ ಹುವಾಂಗ್ ಅಜ್ಜಿ ನನ್ನ ಹಿಂದೆಯೇ ಓಡಿ ಬಂದರು.

ಆಸ್ಪತ್ರೆ

ಬಾಗಿಲು ದೂಡಿದ ಸದ್ದಿಗೆ ಹಾಸಿಗೆಯಲ್ಲಿ ಕುಳಿತಿದ್ದ ಅತ್ತಿಗೆಯ ಇಡೀ ಮೈ ಬೆಚ್ಚಿ ಎಗರಿತು.

“ಎಂತದೋ ಆಗ್ತಾ ಉಂಟು ವಾರಿಜಾ. ಮೀನಖಂಡ ಅದರಷ್ಟಕ್ಕೆ ಹಾರ್ತದೆ. ದವಡೆ ಬಿಗಿ.”

“ಮದ್ದು ಪುನಃ ಹಚ್ಚಿದಿರಾ?”

“ಹಚ್ಚಿದೆ. ಗುಣ ಕಾಣ್ತಾ ಉಂಟಲ್ಲ ಅಂತ ಗಾಯಕ್ಕೂ ಸೇರಿಸಿ ಹಚ್ಚಿದೆ.”

ದಪ್ಪಗೆ ಬಳಿದು, ಮೇಲೆ ಪ್ಲಾಸ್ಟಿಕ್ ಚೀಲ ಸುತ್ತಿ, ಮೈ ಒರೆಸುವ ಬೈರಾಸಿನಿಂದ ಬಿಗಿದು ಕಟ್ಟಿದ್ದರು. ನಾನು ಅದನ್ನು ಕಿತ್ತೆಸೆದೆ. ತರಚಿದ ಗಾಯ ಪೂರ್ತಿ ಕಪ್ಪಾಗಿತ್ತು. ಹುವಾಂಗ್ ಅಜ್ಜಿ ಒಮ್ಮೆ ನೋಡಿದರು. ಬಾಯಿಗೆ ಕೈ ಅಡ್ಡ ಹಿಡಿದುಕೊಂಡು ಏನೋ ಹೇಳಿದರು, ಫೋನಿಗಲ್ಲ, ತಮಗೆ ತಾವೇ. ಮರುಕ್ಷಣ ಬೀದಿಗಿಳಿದು ಟ್ಯಾಕ್ಸಿಗೆ ಅಡ್ಡ ನಿಂತರು.

ಆಸ್ಪತ್ರೆಯಲ್ಲಿ ಅಜ್ಜಿಯ ಮಾತು ಕೇಳಿದ ಕೂಡಲೇ ನಮ್ಮನ್ನು ಎಲ್ಲೂ ಕಾಯಿಸಲಿಲ್ಲ. ಕಾಲನ್ನು ಮತ್ತೆ ಮತ್ತೆ ತೊಳೆದರು, ಕೈಗೆ ಸೂಜಿ ಚುಚ್ಚಿ ಮದ್ದು ಇಳಿಸಿದರು, ಪರದೆ ಎಳೆದು ಕೋಣೆಯನ್ನು ಮಬ್ಬು ಮಾಡಿದರು. ಸ್ವಲ್ಪ ಇಂಗ್ಲಿಷ್ ಬಲ್ಲ ಎಳೆಯ ವೈದ್ಯೆ ನನಗೆ ಹೇಳಿದಳು: ಸದ್ದು ಮಾಡಬೇಡಿ, ಮುಟ್ಟಬೇಡಿ. ಹೊಟ್ಟೆಗೆ ಹೋಗಿಲ್ಲ, ಅದೇ ಪುಣ್ಯ. ಹೊರಗೆ ಹೋಗಿ ಅಜ್ಜಿಗೆ ಜೋರು ಮಾಡಿದ್ದೂ ಕೇಳಿಸಿತು.

ನಾನು ಮಂಚದ ಬದಿಯಲ್ಲಿ ಅಲುಗಾಡದೆ ಕುಳಿತೆ. ನರ್ಸ್ ತಟ್ಟೆ ಇಡುವಾಗ ಸದ್ದಾಗದಂತೆ ಕೈ ಕೊಟ್ಟೆ. ಒಮ್ಮೆ ಅತ್ತಿಗೆಯ ಕಾಲು ಸೆಟೆದು, ಮಂಚ ಕಿರುಗುಟ್ಟಿತು. ಕಟೀಲಮ್ಮನಿಗೆ ಹರಕೆ ಹೇಳಿಕೊಂಡೆ. ಹಮೀದಾಕ ಫೋನ್ ಮಾಡಿದಾಗ ಹೊರಗೆ ಹೋಗಿ ಪಿಸುಗುಟ್ಟಿದೆ. “ನಾನು ಬರ್ತಾ ಇದ್ದೇನೆ ವಾರಿಜಕ್ಕ. ಧೈರ್ಯ ಬಿಡಬೇಡಿ, ಮೇಲಿರುವವ ದೊಡ್ಡವ” ಎಂದರು.

ಬಿಸಿಲು ಇಳಿಯುವ ಹೊತ್ತಿಗೆ ಸೆಳೆತ ನಿಂತಿತು. ವೈದ್ಯೆ ಬಂದು ಕಣ್ಣಿಗೆ ಬೆಳಕು ಬಿಟ್ಟು ನೋಡಿ, ನನ್ನ ಭುಜ ತಟ್ಟಿ ಹೋದಳು. ಅತ್ತಿಗೆ ನಿಧಾನವಾಗಿ ದವಡೆ ಆಡಿಸಿ ನೋಡಿಕೊಂಡರು.

“ಈಗ ಹೇಳು. ಎಂತ ಮದ್ದು ಅದು?”

ಸುಳ್ಳು ಹೇಳಬಹುದಿತ್ತು. ಮನಸ್ಸು ಬರಲಿಲ್ಲ. “ಕಾಸರಕನ ಬೀಜದ್ದು.”

ಅತ್ತಿಗೆ ನನ್ನನ್ನು ದಿಟ್ಟಿಸಿ ನೋಡಿದರು. ಹೊದಿಕೆ ಸರಿಸಿ ಮೊಣಕಾಲು ನೋಡಿಕೊಂಡರು. ಆಮೇಲೆ ಒಮ್ಮೆಲೇ ಆ ಬಿಳಿ ಹೊದಿಕೆಯಿಂದ ಚರ್ಮವನ್ನು ಗಸಗಸ ಉಜ್ಜತೊಡಗಿದರು. “ಇಲ್ಲಿಗೂ ಬಂತಾ? ಸಮುದ್ರ ದಾಟಿ ಬಂದ್ರೂ ಬಿಡ್ಲಿಕ್ಕಿಲ್ವಾ ಇದು?” ನಾನು ಕೈ ಹಿಡಿದುಕೊಂಡೆ. ಬಲವಂತದಿಂದ ಬಿಡಿಸಿಕೊಂಡು, ಗೋಡೆಯ ಕಡೆ ಮುಖ ಮಾಡಿ ಮಲಗಿದರು. ಅಣ್ಣ ಸತ್ತಾಗ ಕೂಡ ಅವರು ಗಟ್ಟಿಯಾಗಿ ಅತ್ತದ್ದನ್ನು ನಾನು ಕೇಳಿರಲಿಲ್ಲ. ಅಲ್ಲಿ, ಭಾಷೆ ಗೊತ್ತಿಲ್ಲದ ನರ್ಸುಗಳ ಎದುರು, ದೊಡ್ಡ ಸ್ವರದಲ್ಲಿ ಅತ್ತರು. ಇನ್ನೆಲ್ಲಿ ಸೆಳೆತ ಮರಳುತ್ತದೋ ಎಂಬ ಭಯದಲ್ಲಿ ನಾನು ಸಮಾಧಾನ ಹೇಳಲೂ ಇಲ್ಲ, ಸುಮ್ಮನಿರಿಸಲೂ ಇಲ್ಲ.

ಅಳು ತಗ್ಗಿದ ಮೇಲೆ ಮಗ್ಗುಲಾದರು. ಅರ್ಧ ತೆರೆದ ಬಾಗಿಲಿನ ಆಚೆ, ಪಡಸಾಲೆಯಂಥ ಉದ್ದನೆಯ ಜಾಗದಲ್ಲಿ, ಹುವಾಂಗ್ ಅಜ್ಜಿ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕುಳಿತಿದ್ದರು. ಮಂಡಿಯ ಮೇಲೆ ಕೈ, ತಲೆ ತಗ್ಗಿಸಿ. ಬೆಳಗಿನಿಂದ ನೀರು ಕೂಡ ಕುಡಿದಿರಲಿಲ್ಲ.

“ಅವರು ಯಾಕೆ ಅಲ್ಲಿ?”

“ಒಳಗೆ ಬರ್ಲಿಕ್ಕೆ ಹೆದರಿಕೆ. ಕರೆದೆ, ಬರುವುದಿಲ್ಲ.”

ಅತ್ತಿಗೆ ನೋಡುತ್ತಲೇ ಇದ್ದರು. “ಮಾವನೂ ಹಾಗೆಯೇ” ಎಂದರು ಕೊನೆಗೆ. “ನಾನು ಒಳಗಿದ್ದರೆ ಚಾವಡಿಗೆ ಬರುವುದಿಲ್ಲ. ಜಗಲಿಯಲ್ಲೇ ಕೂರುವುದು. ಮಳೆ ಇರಚಿದರೂ ಎದ್ದು ಬರುವುದಿಲ್ಲ.”

ಅಷ್ಟು ವರ್ಷಗಳಲ್ಲಿ ಅವರ ಬಾಯಿಂದ ಅಪ್ಪನ ಸುದ್ದಿ ಬಂದದ್ದು ಅದೇ ಮೊದಲು.

“ಕರಿ ಅವರನ್ನು. ನಾನು ಕರೆದೆ ಅಂತ ಹೇಳು.”

ಈ ಸಲ ನಾನು ಅಜ್ಜಿಯ ಕೈ ಹಿಡಿದು ಎಬ್ಬಿಸಿದೆ. ಅವರು ಮಂಚದ ಕಾಲ ಬದಿಗೆ ಬಂದು, ನಡು ಬಗ್ಗಿಸಿ ನಿಂತರು, ನೆಟ್ಟಗಾಗಲೇ ಇಲ್ಲ. ಫೋನು ತೆಗೆದವರು ಅದನ್ನು ಮತ್ತೆ ಜೇಬಿಗೆ ಹಾಕಿಕೊಂಡರು. ಅತ್ತಿಗೆ ಕೈ ಚಾಚಿ ಅವರನ್ನು ಮಂಚದ ಮೇಲೆ ಕೂರಿಸಿದರು. ಅವರ ಹೊಟ್ಟೆ ಮುಟ್ಟಿ, ಬಾಯಿಗೆ ತುತ್ತಿಡುವ ಹಾಗೆ ಕೈ ಮಾಡಿ ಕೇಳಿದರು: ಊಟ ಆಯ್ತಾ? ಅಜ್ಜಿ ಇಲ್ಲವೆಂದು ತಲೆಯಾಡಿಸಿದವರೇ, ಅತ್ತಿಗೆಯ ಪಾದವನ್ನು ಮಡಿಲಿಗೆ ತೆಗೆದುಕೊಂಡು ಅಳತೊಡಗಿದರು.

“ಒಳ್ಳೆಯದಾಗಲಿ ಅಂತ ತಂದದ್ದು, ಪಾಪ” ಎಂದರು ಅತ್ತಿಗೆ. ಯಾರ ವಿಷಯ ಹೇಳಿದರೆಂದು ನಾನು ಕೇಳಲಿಲ್ಲ.

ಕುಕ್ಕುಂದೂರಿಗೆ ಒಂದು ಕರೆ

ಮರುದಿನ ನಮ್ಮನ್ನು ಆಸ್ಪತ್ರೆಯಿಂದ ಬಿಟ್ಟರು. ಅಷ್ಟರಲ್ಲಿ ಹಮೀದಾಕ ಬಂದು ಮುಟ್ಟಿ, ಉಳಿದ ವ್ಯವಸ್ಥೆಯನ್ನೆಲ್ಲ ನೋಡಿಕೊಂಡರು. ಆಸ್ಪತ್ರೆಯ ಅಂಗಳದ ಬೆಂಚಿನಲ್ಲಿ ಕುಳಿತು ಅವರು ಟ್ಯಾಕ್ಸಿ ತರುವುದನ್ನು ಕಾಯುತ್ತಿದ್ದಾಗ ಅತ್ತಿಗೆ ಹೇಳಿದರು, “ಮನೆಗೆ ಫೋನ್ ಮಾಡು.”

“ಲೀಲಕ್ಕನಿಗೆ ಇದೆಲ್ಲ ಹೇಳುವುದು ಬೇಡ ಅತ್ತಿಗೆ, ಹೆದರಿಯಾರು.”

“ಲೀಲಕ್ಕನಿಗೆ ಅಲ್ಲ. ಮನೆಯ ಫೋನಿಗೆ ಮಾಡು.”

ಮನೆಯ ಫೋನು ಇರುವುದು ಜಗಲಿಯಲ್ಲಿ, ಅಪ್ಪನ ಕುರ್ಚಿಯ ಪಕ್ಕ. ನಾನು ನಂಬರ್ ಒತ್ತಿ, ಸ್ಪೀಕರ್ ಹಾಕಿ ಅವರ ಕೈಗೆ ಕೊಟ್ಟೆ. ಬಹಳ ಹೊತ್ತು ರಿಂಗಾಯಿತು. ಅಪ್ಪ ಎತ್ತಿಕೊಂಡು ಕೆಮ್ಮಿದರು.

“ಹಲೋ, ಯಾರು?”

ಅತ್ತಿಗೆ ಫೋನನ್ನು ಬಾಯಿಯ ಹತ್ತಿರ ತಂದು, “ನಾನು, ಸುಮತಿ” ಎಂದರು.

“ಹಾಂ, ಹಾಂ” ಎಂದು ಗಡಿಬಿಡಿಯಾದರು ಅಪ್ಪ. ಕುರ್ಚಿ ಸರಿದ ಸದ್ದು ಕೇಳಿಸಿತು. ರಿಸೀವರನ್ನು ದೂರ ಹಿಡಿದು ಕೂಗುತ್ತಿದ್ದರು: “ಲೀಲಾ, ಓ ಲೀಲಾ! ಬೇಗ ಬಾ, ಸುಮತಿ ಫೋನ್ ಮಾಡಿದ್ದಾಳೆ. ಚೀನಾದಿಂದ. ಬಾ, ಮಾತಾಡು!”

“ಲೀಲಕ್ಕನನ್ನು ಕರೀಬೇಡಿ ಮಾವ” ಎಂದರು ಅತ್ತಿಗೆ, ಆಸ್ಪತ್ರೆಯ ಅಂಗಳಕ್ಕೆಲ್ಲ ಕೇಳುವಷ್ಟು ಜೋರಾಗಿ. “ನಾನು ಫೋನ್ ಮಾಡಿದ್ದು ನಿಮಗೇ.”

ಲೈನ್ ಹೋಯಿತೆಂದುಕೊಂಡು ನಾನು ಬಗ್ಗಿ ನೋಡಿದೆ. ಹೋಗಿರಲಿಲ್ಲ. ಅಪ್ಪನ ಉಸಿರು ಕೇಳುತ್ತಿತ್ತು.

“ಹೇಳು ಮಗಾ” ಎಂದರು.